ಹದ ನೋಡುವವರು ಯಾರು? ಬೆಂಗಳೂರು ಪೂರ್ವದ ಸಣ್ಣ ಹಿಡುವಳಿಗಳ ನೀರಾವರಿ ಕುರಿತು ಒಂದು ಟಿಪ್ಪಣಿ

ಲಿಂಗರಾಜಪುರದಲ್ಲಿ ಕೂತು ಹೊಲದ ನೀರಿನ ಬಗ್ಗೆ ಬರೆಯಹೊರಟರೆ ನಗುವವರೇ ಹೆಚ್ಚು. ಫ್ಲೈಓವರ್ ಇಳಿದರೆ ಅಂಗಡಿ, ಅಂಗಡಿ ದಾಟಿದರೆ ಮನೆ. ಪಕ್ಕದ ಕಾಚರಕನಹಳ್ಳಿ ಕೆರೆ ಹೆಸರಿನಲ್ಲಿ ಉಳಿದಷ್ಟು ನೀರಿನಲ್ಲಿ ಉಳಿದಿಲ್ಲ. ಆದರೂ ಬೆಳಗ್ಗೆ ನಮ್ಮ ಬೀದಿಗೆ ಬರುವ ತಳ್ಳುಗಾಡಿಯ ದಂಟು, ಸಬ್ಬಸಿಗೆ, ಮೆಂತ್ಯಕ್ಕೆ ಹೊಸಕೋಟೆ, ಮಾಲೂರು ಕಡೆಯ ಯಾವುದೋ ಹೊಲದಲ್ಲಿ ಯಾರೋ ನೀರು ಕಟ್ಟಿರುತ್ತಾರೆ. ಹೊಸಕೋಟೆಯಾಚೆ ಒಂದು ಎಕರೆ ಮಾಡುವ ನಮ್ಮ ಭಾವ ಅವರಲ್ಲೊಬ್ಬರು. ಹೋದ ಬೇಸಿಗೆಯಲ್ಲಿ ಮನೆಗೆ ಬಂದವರು ಜೇಬಿನಿಂದ ಮಡಿಸಿದ ಕೊಟೇಷನ್ ತೆಗೆದು ನನ್ನ ಮುಂದಿಟ್ಟರು. “ಆಟೋಮ್ಯಾಟಿಕ್ ಹಾಕಿಸಿಬಿಡ್ಲೇನಪ್ಪ? ರಾತ್ರಿ ಎದ್ದೆದ್ದು ಗೇಟ್‌ವಾಲು ತಿರುಗಿಸಿ ಸಾಕಾಗೋಗದೆ. ನೀನು ಓದ್ದೋನು, ಲೆಕ್ಕ ಹಾಕಿ ಹೇಳು.”

ಆ ಲೆಕ್ಕ ಹಾಕುತ್ತ ಹೋದದ್ದೇ ಈ ಟಿಪ್ಪಣಿ. ಪ್ರಶ್ನೆ ಭಾವನೊಬ್ಬರದೇ ಅಲ್ಲ. 2015–16ರ ಕೃಷಿ ಗಣತಿಯ ಪ್ರಕಾರ ದೇಶದ ಹಿಡುವಳಿಗಳಲ್ಲಿ ಶೇ. 86ರಷ್ಟು 2 ಹೆಕ್ಟೇರಿಗಿಂತ ಚಿಕ್ಕವು. ಸರಾಸರಿ ಹಿಡುವಳಿ 1.08 ಹೆಕ್ಟೇರ್. ನೀರಾವರಿ ಯಂತ್ರಗಳನ್ನು ಮಾರುವವರ ಚಿತ್ರಗಳಲ್ಲಿ ಕಾಣುವ ಹೊಲಗಳು ಮಾತ್ರ ಯಾವಾಗಲೂ ದಿಗಂತದವರೆಗೆ ಹಬ್ಬಿರುತ್ತವೆ.

ಕೈಯೋ ಯಂತ್ರವೋ ಎಂದು ಕೇಳಿದಾಗ ಮೂರು ಬೇರೆ ಬೇರೆ ಕೆಲಸಗಳನ್ನು ಒಂದೇ ಗಂಟಿಗೆ ಕಟ್ಟಿರುತ್ತೇವೆ. ನೀರನ್ನು ಮೇಲಕ್ಕೆ ಎತ್ತುವುದು ಒಂದು. ಎತ್ತಿದ ನೀರನ್ನು ಈ ಮಡಿಯಿಂದ ಆ ಮಡಿಗೆ ತಿರುಗಿಸುವುದು ಇನ್ನೊಂದು. ಯಾವಾಗ ಬಿಡಬೇಕು, ಯಾವಾಗ ಸಾಕು ಎಂದು ಹದ ನೋಡುವುದು ಮೂರನೆಯದು. ಮೊದಲನೆಯದನ್ನು ಯಂತ್ರಕ್ಕೆ ಒಪ್ಪಿಸಿ ಬಹಳ ಕಾಲವಾಯಿತು. ಎರಡನೆಯದು ಅರ್ಧ ಒಪ್ಪಿಸಿಯಾಗಿದೆ. ಈಗ ಪೇಟೆಯಲ್ಲಿ ಮಾರಾಟವಾಗುತ್ತಿರುವುದು ಮೂರನೆಯದರ ಹೆಸರು. ಡಬ್ಬಿ ಬಿಚ್ಚಿ ನೋಡಿದರೆ ಒಳಗಿರುವುದು ಬಹುಮಟ್ಟಿಗೆ ಎರಡನೆಯದೇ.

ಹಿಂದಿನವರು ಈ ಮೂರನ್ನು ಬೇರೆ ಬೇರೆ ಕೈಗೆ ಕೊಟ್ಟಿದ್ದರು. 1800ರಲ್ಲಿ ಮೈಸೂರು ಸೀಮೆ ಸುತ್ತಿದ ಫ್ರಾನ್ಸಿಸ್ ಬುಕಾನನ್ ಏತವನ್ನೂ ಕಪಿಲೆಯನ್ನೂ ಗಮನಿಸಿ ಬರೆದಿಟ್ಟಿದ್ದಾನೆ. ಏತಕ್ಕೆ ಮನುಷ್ಯನ ಮೈಭಾರ, ಕಪಿಲೆಗೆ ಜೋಡೆತ್ತು. ಕಪಿಲೆಯ ರಚನೆಯಲ್ಲಿ ಒಂದು ಜಾಣತನವಿತ್ತು. ಚರ್ಮದ ಚೀಲದ ತಳಕ್ಕೆ ಸೊಂಡಿಲಿನಂಥ ಕೊಳವೆ, ಅದಕ್ಕೆ ಬೇರೆ ಹಗ್ಗ. ಎತ್ತುಗಳು ಇಳಿಜಾರಿನಲ್ಲಿ ಇಳಿದಂತೆ ಚೀಲ ಮೇಲೆ ಬಂದು, ಬಾವಿಯ ಬಾಯಿಗೆ ತಲುಪುವಾಗ ಸೊಂಡಿಲು ತಾನಾಗಿ ಬಾಗಿ ನೀರು ತೊಟ್ಟಿಗೆ ಸುರಿಯುತ್ತಿತ್ತು. ಚೀಲ ಕವುಚಲು ಅಲ್ಲಿ ಇನ್ನೊಬ್ಬ ಆಳು ನಿಲ್ಲಬೇಕಿರಲಿಲ್ಲ. ಸ್ವಯಂಚಾಲಿತ ಎನ್ನುವ ಮಾತಿಗೆ ಇದಕ್ಕಿಂತ ಹಳೆಯ ಉದಾಹರಣೆ ನಮ್ಮ ಸುತ್ತ ಸಿಗುವುದು ಕಷ್ಟ. ಸುರಿದ ನೀರು ನೇರ ಹೊಲಕ್ಕೆ ಹೋಗದೆ ಮೊದಲು ತೊಟ್ಟಿಯಲ್ಲಿ ನಿಲ್ಲುತ್ತಿತ್ತೆಂಬುದನ್ನು ನೆನಪಿಡಬೇಕು. ಮುಂದೆ ಅದರ ಹತ್ತಿರಕ್ಕೇ ಬರುತ್ತೇನೆ.

1809ರಲ್ಲಿ ಬೆಂಗಳೂರಿಗೆ ಬ್ರಿಟಿಷರ ದಂಡು ಬಂದ ಮೇಲೆ ತರಕಾರಿಗೆ ಹೊಸ ಗಿರಾಕಿಗಳು ಹುಟ್ಟಿಕೊಂಡರು. ಕೋಸು, ಹೂಕೋಸು, ಬೀನ್ಸು ಬೆಳೆಯುವ ತೋಟಗಳು ಊರ ಸುತ್ತ ಹಬ್ಬಿದವು. ಆ ಕಸುಬಿನಲ್ಲಿ ತಿಗಳ ಸಮುದಾಯದವರ ಕೈ ಪಳಗಿತ್ತು. ಸಂಪಂಗಿ ಕೆರೆಯ ನೀರಿಗೆ ತೋಟಗಾರರು, ಇಟ್ಟಿಗೆ ಸುಡುವವರು, ಆಟದ ಮೈದಾನ ಬೇಕೆಂದವರು ಹೇಗೆ ಪೈಪೋಟಿ ನಡೆಸಿದರು ಎಂಬುದನ್ನು ಹಿತಾ ಉನ್ನಿಕೃಷ್ಣನ್, ಹರಿಣಿ ನಾಗೇಂದ್ರ ಮತ್ತು ಜೊತೆಗಾರರು ಹಳೆಯ ಕಡತಗಳಿಂದ ಹೊರತೆಗೆದಿದ್ದಾರೆ. ಕೊನೆಗೆ ಗೆದ್ದದ್ದು ಕ್ರೀಡಾಂಗಣ, ಇಂದಿನ ಕಂಠೀರವ.

ಎತ್ತುವ ಮಾತಾಯಿತು; ಕೆರೆಯ ಕೆಳಗಿನ ಗದ್ದೆಗಳಲ್ಲಿ ನೀರು ತಿರುಗಿಸುವ ಕೆಲಸ ನೀರುಗಂಟಿಯದು. ಹಳ್ಳಿಯ ಆಯಗಾರರಲ್ಲಿ ಅವನೂ ಒಬ್ಬ. ತೂಬು ಎತ್ತುವವನು, ಸರದಿ ನಡೆಸುವವನು, ಸುಗ್ಗಿಯಲ್ಲಿ ಪಾಲು ಪಡೆಯುವವನು ಅವನೇ. ತನ್ನ ಗದ್ದೆಗೆ ತಾನೇ ನೀರು ತಿರುಗಿಸಿಕೊಳ್ಳುವ ಹಕ್ಕು ಗದ್ದೆಯ ಯಜಮಾನನಿಗೆ ಇರಲಿಲ್ಲ. ಈ ಏರ್ಪಾಡಿನ ಜಾತಿ ಶ್ರೇಣಿಯನ್ನು ಮರೆತು ಹೊಗಳುವುದು ತಪ್ಪು. ಆ ಕೆಲಸ ಬಹುತೇಕ ಕಡೆ ದಲಿತರ ಪಾಲಿಗೇ ಬಿದ್ದಿತ್ತು. ಆದರೆ ನೀರು ಕಟ್ಟುವುದೊಂದು ವಿದ್ಯೆ, ಅದಕ್ಕೆ ಪ್ರತ್ಯೇಕ ಕೂಲಿ ಉಂಟು ಎಂಬ ತಿಳಿವಳಿಕೆ ಅದರಲ್ಲಿತ್ತು. ಬೋರು ಬಂದ ಮೇಲೆ ಪ್ರತಿಯೊಬ್ಬ ರೈತನೂ ತನ್ನ ಹೊಲದ ನೀರುಗಂಟಿಯಾದ. ಕೂಲಿ ಹೋಯಿತು, ಕೆಲಸ ಉಳಿಯಿತು.

ರಾತ್ರಿ ಒಂದು ಗಂಟೆಯ ಕರೆಂಟು

ಆಟೋಮ್ಯಾಟಿಕ್ ಎಂದರೆ ಹೊಸದಾಗಿ ಬಂದದ್ದು ಎಂದುಕೊಳ್ಳುವವರು ಪಂಪ್‌ಹೌಸಿನ ಗೋಡೆ ನೋಡಿಲ್ಲ. ಅಲ್ಲಿ ಸ್ಟಾರ್ಟರಿನ ಪಕ್ಕ ತೂಗುವ ಆಟೋ ಸ್ಟಾರ್ಟರ್ ದಶಕಗಳ ಹಳೆಯದು. ಮೂರು ಫೇಸ್ ಕರೆಂಟು ಬಂದೊಡನೆ ಮೋಟರು ತಾನಾಗಿ ಏಳುತ್ತದೆ, ಹೋದರೆ ಮಲಗುತ್ತದೆ. ಕರ್ನಾಟಕದಲ್ಲಿ 10 ಎಚ್.ಪಿ.ವರೆಗಿನ ಪಂಪ್‌ಸೆಟ್ಟುಗಳಿಗೆ 2008ರಿಂದ ವಿದ್ಯುತ್ ಉಚಿತ; ಆದರೆ ಮೂರು ಫೇಸ್ ಸಿಗುವುದು ದಿನಕ್ಕೆ ಸುಮಾರು ಏಳು ಗಂಟೆ, ಅದೂ ಪಾಳಿಯ ಮೇಲೆ. ಪಾಳಿ ರಾತ್ರಿಗೆ ಬಿದ್ದ ವಾರ ಆಟೋ ಸ್ಟಾರ್ಟರ್ ಒಂದೇ ಆಸರೆ. ಅದರ ಫಲ ಏನಾಯಿತು? ಕರೆಂಟು ಇದ್ದಷ್ಟು ಹೊತ್ತು ಮೋಟರು ಓಡುತ್ತದೆ, ಬೆಳೆಗೆ ಬೇಕೋ ಬೇಡವೋ ನೀರು ಹರಿಯುತ್ತದೆ. ಒಂದೇ ಟ್ರಾನ್ಸ್‌ಫಾರ್ಮರ್ ಕೆಳಗಿನ ಮೋಟರುಗಳೆಲ್ಲ ಒಂದೇ ಗಳಿಗೆಗೆ ಎದ್ದರೆ ಅದರ ಮೇಲೆ ಬೀಳುವ ಹೊರೆಯೂ ಸಣ್ಣದಲ್ಲ. 2018ರ ಜನವರಿಯಿಂದ ಪಂಪ್‌ಸೆಟ್ಟುಗಳಿಗೆ 24 ಗಂಟೆ ವಿದ್ಯುತ್ ಕೊಡಲು ಹೊರಟ ತೆಲಂಗಾಣ ಸರ್ಕಾರ ರೈತರಲ್ಲಿ ಕೇಳಿಕೊಂಡದ್ದು ಇದನ್ನೇ: ಆಟೋ ಸ್ಟಾರ್ಟರ್ ಕಳಚಿಡಿ, ಇಲ್ಲವಾದರೆ ಅಂತರ್ಜಲ ಉಳಿಯದು. ಯಂತ್ರ ತೆಗೆದು ಕೈಗೆ ಮರಳಿ ಎಂದು ಒಂದು ಸರ್ಕಾರ ಹೇಳಿದ ಈ ಪ್ರಸಂಗವನ್ನು ಮಾರಾಟದವರು ನೆನಪಿಸುವುದಿಲ್ಲ.

ಆಮೇಲೆ ಬಂದದ್ದು ಮೊಬೈಲ್ ಸ್ಟಾರ್ಟರ್. ಪುಣೆಯ ಸಂತೋಷ್ ಓಸ್ತವಾಲ್ ರೂಪಿಸಿದ ನ್ಯಾನೋ ಗಣೇಶ್ ಇದರ ಮೊದಲಿಗರಲ್ಲೊಂದು. ಮನೆಯಲ್ಲಿ ಕೂತು ಫೋನ್ ಒತ್ತಿದರೆ ಹೊಲದ ಮೋಟರು ಏಳುತ್ತದೆ. ಕರೆಂಟು ಇದೆಯೋ ಇಲ್ಲವೋ ತಿಳಿಸುತ್ತದೆ. ಇದನ್ನು ನಾನು ಆಟೋ ಸ್ಟಾರ್ಟರಿನ ಸಾಲಿಗೆ ಸೇರಿಸುವುದಿಲ್ಲ. ಆಟೋ ಸ್ಟಾರ್ಟರ್ ತೀರ್ಮಾನವನ್ನು ಕರೆಂಟಿನ ಕೈಗೆ ಕೊಟ್ಟಿತು. ಮೊಬೈಲ್ ಸ್ಟಾರ್ಟರ್ ಅದನ್ನು ರೈತನ ಕೈಗೆ ವಾಪಸು ತಂದಿತು, ಹಾವು, ಕೆಸರು, ಕತ್ತಲೆಯನ್ನು ಮಾತ್ರ ದಾರಿಯಿಂದ ಸರಿಸಿತು. ಸಣ್ಣ ರೈತ ಹಾಕುವ ಮೊದಲ ದುಡ್ಡು ಇಲ್ಲಿಗೆ, ಮತ್ತು ಬೋರು ಒಣಗಿದಾಗ ಮೋಟರು ಸುಡದಂತೆ ತಡೆಯುವ ಡ್ರೈ ರನ್ ರಕ್ಷಣೆಗೆ ಹೋಗಬೇಕೆಂಬುದು ನನ್ನ ಅಭಿಪ್ರಾಯ.

ಈಗ ಭಾವನ ಲೆಕ್ಕ. ಬಿಸಿಲುಗಾಲದಲ್ಲಿ ನಮ್ಮ ಕಡೆ ಬೆಳೆಯೂ ನೆಲವೂ ಸೇರಿ ದಿನಕ್ಕೆ ಸುಮಾರು 5 ಮಿಲಿಮೀಟರ್ ನೀರು ಆರಿಸುತ್ತವೆ ಎಂದು ಇಟ್ಟುಕೊಳ್ಳೋಣ. ಒಂದು ಚದರ ಮೀಟರ್ ಮೇಲೆ ಒಂದು ಮಿಲಿಮೀಟರ್ ಎಂದರೆ ಒಂದು ಲೀಟರ್. ಒಂದು ಗುಂಟೆ 101 ಚದರ ಮೀಟರ್, ಎಕರೆ 4,047. ಹಾಗಾಗಿ ಗುಂಟೆಗೆ ದಿನಕ್ಕೆ ಸುಮಾರು 500 ಲೀಟರ್, ಎಕರೆಗೆ 20,000 ಚಿಲ್ಲರೆ.

ಬೋರಿನ ಕಡೆಗೆ ಬರೋಣ. “ಎರಡಿಂಚು ನೀರದೆ” ಎನ್ನುತ್ತಾರೆ ಭಾವ. ಬೋರು ಕೊರೆಯುವವರು ವಿ ಆಕಾರದ 90 ಡಿಗ್ರಿ ಕಚ್ಚು ಕತ್ತರಿಸಿದ ವಿ-ನಾಚ್ ತಗಡಿನ ಮೇಲೆ ಹರಿಯುವ ನೀರಿನ ಎತ್ತರ ನೋಡಿ ಹೇಳುವ ಇಂಚು ಅದು. ಪೈಪಿನ ಅಳತೆಯೊಡನೆ ಅದನ್ನು ಬೆರೆಸಬಾರದು. ಇಲ್ಲಿ ಬಹಳ ಜನ ಎಡವುತ್ತಾರೆ. ವಿ-ನಾಚ್‌ನಲ್ಲಿ ಹರಿವು ಎತ್ತರದ ಎರಡೂವರೆ ಘಾತಕ್ಕೆ ಅನುಗುಣವಾಗಿ ಏರುತ್ತದೆ. ಮೂರಿಂಚಿಗೆ ಗಂಟೆಗೆ ಸುಮಾರು 8,000 ಲೀಟರ್, ಎರಡಿಂಚಿಗೆ 2,900, ಒಂದೂವರೆಗೆ 1,400, ಒಂದಿಂಚಿಗೆ 500. ಮೂರರಿಂದ ಎರಡಕ್ಕೆ ಇಳಿದರೆ ಮೂರರಲ್ಲೊಂದು ಪಾಲು ಹೋಯಿತೆಂದು ಮಾತಿನಲ್ಲಿ ಅನಿಸುತ್ತದೆ. ನಿಜಕ್ಕೂ ಹೋದದ್ದು ಮೂರರಲ್ಲಿ ಎರಡು ಪಾಲಿಗೆ ಹತ್ತಿರ.

ಎರಡಿಂಚು ನೀರು ಏಳು ಗಂಟೆ ಹರಿದರೆ 20,300 ಲೀಟರ್. ಒಂದು ಎಕರೆಗೆ ಬೇಕಾದದ್ದೂ ಅಷ್ಟೇ. ಅಂದರೆ ಭಾವ ಕತ್ತಿಯ ಅಲಗಿನ ಮೇಲೆ ನಡೆಯುತ್ತಿದ್ದಾರೆ. ಬಂದ ಕರೆಂಟಿನಲ್ಲಿ ಒಂದು ಗಂಟೆ ತಪ್ಪಿದರೂ ಎಲ್ಲೋ ಆರು ಗುಂಟೆ ಒಣಗುತ್ತದೆ.

ಅವರದು ಟೊಮೊಟೊ, ಸಾಲಿಗೂ ಸಾಲಿಗೂ 1.2 ಮೀಟರ್, 40 ಸೆಂಟಿಮೀಟರಿಗೊಂದು ಡ್ರಿಪ್ಪರ್, ಗಂಟೆಗೆ 2 ಲೀಟರಿನದು. ಎಕರೆಗೆ ಸುಮಾರು 8,400 ಡ್ರಿಪ್ಪರ್, ಎಲ್ಲ ಒಟ್ಟಿಗೆ ತೊಟ್ಟಿಕ್ಕಲು ಗಂಟೆಗೆ 16,800 ಲೀಟರ್ ಬೇಕು. ಬೋರು ಕೊಡುವುದು 2,900. ಹಾಗಾಗಿ ಹೊಲವನ್ನು ಆರು ಭಾಗ ಮಾಡಿ, ಒಂದೊಂದಕ್ಕೆ 70 ನಿಮಿಷ ನೀರು ಬಿಟ್ಟು, ಆರು ಸಲ ಗೇಟ್‌ವಾಲ್ವ್ ತಿರುಗಿಸಬೇಕು. ಕರೆಂಟು ರಾತ್ರಿ ಒಂದಕ್ಕೆ ಬಂದರೆ ಎರಡೂ ಹತ್ತಕ್ಕೆ, ಮೂರೂ ಇಪ್ಪತ್ತಕ್ಕೆ, ನಾಲ್ಕೂವರೆಗೆ… ಭಾವನ ಕಣ್ಣ ಕೆಳಗಿನ ಕಪ್ಪು ಇದೇ ಲೆಕ್ಕದ್ದು. ಕೊಟೇಷನ್‌ನಲ್ಲಿದ್ದದ್ದೂ ವಿದ್ಯುತ್ತಿನಿಂದ ತಾನಾಗಿ ತೆರೆದು ಮುಚ್ಚುವ ಆರು ಸೊಲೆನಾಯ್ಡ್ ವಾಲ್ವ್, ಒಂದು ಕಂಟ್ರೋಲರ್, ಅದಕ್ಕೊಂದು ಆಪ್.

ಗಡಿಯಾರಕ್ಕೆ ಕಾಣದ್ದು

ಆ ಕಂಟ್ರೋಲರ್ ಮಾಡುವುದು 70 ನಿಮಿಷಕ್ಕೊಮ್ಮೆ ವಾಲ್ವ್ ಬದಲಿಸುವ ಕೆಲಸ. ನೀರುಗಂಟಿಯ ಕೈ ಅದರಲ್ಲಿದೆ, ಕಣ್ಣಿಲ್ಲ. ಮಾರ್ಚಿನಲ್ಲಿ ಎರಡಿಂಚಿದ್ದ ಬೋರು ಮೇ ಹೊತ್ತಿಗೆ ಒಂದೂವರೆಗೆ ಇಳಿದರೂ ಅದು 70 ನಿಮಿಷವನ್ನೇ ಕೊಡುತ್ತದೆ. ಬೆಳೆಗೆ ಸಿಗುವುದು ಮಾತ್ರ ಅರ್ಧ. ಪರದೆಯ ಮೇಲೆ ಎಲ್ಲವೂ ಹಸಿರು. ಸಮಯ ಅಳೆಯುವ ಬದಲು ಲೀಟರ್ ಅಳೆಯುವ ನೀರಿನ ಮೀಟರನ್ನು ಮೇನ್ ಪೈಪಿಗೆ ಕೂರಿಸಿದರೆ ಈ ಕುರುಡು ಅರ್ಧ ಹೋಗುತ್ತದೆ. ಆ ಕೊಟೇಷನ್‌ನಲ್ಲಿ ಮೀಟರ್ ಇರಲಿಲ್ಲ, ಆಪ್ ಇತ್ತು.

ಉಳಿದರ್ಧ ಕುರುಡು ಡ್ರಿಪ್ಪರಿನಲ್ಲಿದೆ. ಗಡಸು ನೀರಿನ ಬೋರಿದ್ದ ಕಡೆ ಡ್ರಿಪ್ಪರ್ ಕೂರಿಸಿದ ಲ್ಯಾಟರಲ್ ಪೈಪನ್ನು ಉದ್ದಕ್ಕೆ ಸೀಳಿ ನೋಡಿ: ಡ್ರಿಪ್ಪರಿನ ಅಂಕುಡೊಂಕು ಕಾಲುವೆಯೊಳಗೆ ಸುಣ್ಣದ ಬಿಳಿ ಪೊರೆ, ಉಗುರಿನಿಂದ ಕೆರೆದರೆ ಪುಡಿಯಾಗಿ ಉದುರುತ್ತದೆ. ಹೊರಗಿನಿಂದ ಪೈಪು ಹೊಸದರಂತೇ ಇರುತ್ತದೆ. ಫಿಲ್ಟರ್ ತೊಳೆಯುವುದು, ಲ್ಯಾಟರಲ್ ತುದಿಯ ಮುಚ್ಚಳ ಬಿಚ್ಚಿ ಕೊಳೆ ಹರಿಸುವುದು, ಆಗಾಗ ಆಸಿಡ್ ಬಿಡುವುದು, ಇಲಿ–ಅಳಿಲು ಕಡಿದಲ್ಲಿ ಜಾಯಿಂಟರ್ ಹಾಕುವುದು: ಹನಿ ನೀರಾವರಿಯ ನಿಜವಾದ ದುಡಿಮೆ ಇಲ್ಲಿದೆ. ಗೇಟ್‌ವಾಲ್ವ್ ತಿರುಗಿಸಲು ಹೋದವನ ಕಣ್ಣಿಗೆ ಬಾಡಿದ ಗಿಡ, ಚಿಮ್ಮುವ ತೂತು ಬೀಳುತ್ತದೆ; ಮೋಟರು ಗಾಳಿ ಎಳೆಯುವ ಗೊರಗೊರ ಸದ್ದು ಕಿವಿಗೆ ಬೀಳುತ್ತದೆ. ವಾಲ್ವ್ ತಾನಾಗಿ ತಿರುಗಿದರೆ ಹೊಲ ಸುತ್ತಲು ಇದ್ದ ಒಂದೇ ನೆಪವೂ ಹೋಗುತ್ತದೆ. ಇದು ಯಂತ್ರದ ಮೇಲಿನ ಆಕ್ಷೇಪವಲ್ಲ. ಉಳಿದ ಹೊತ್ತನ್ನು ಹೊಲದಲ್ಲೇ ಕಳೆಯುವವನಿಗೆ ನಷ್ಟವಿಲ್ಲ. ಪೇಟೆಯಲ್ಲಿ ಇನ್ನೊಂದು ಕೆಲಸ ಹಿಡಿದವನಿಗೆ ಇದೆ.

ಈ ವಿಷಯದಲ್ಲಿ ಕರ್ನಾಟಕದ ದೊಡ್ಡ ಪಾಠ ಹುನಗುಂದ ತಾಲ್ಲೂಕಿನದು. ರಾಮಥಾಳ–ಮರೋಳ ಯೋಜನೆಯಲ್ಲಿ ನಾರಾಯಣಪುರ ಜಲಾಶಯದ ಹಿನ್ನೀರನ್ನು ಎತ್ತಿ 24,000 ಹೆಕ್ಟೇರಿಗೆ ಹನಿ ನೀರಾವರಿ ಕೊಡುವ ಏರ್ಪಾಡು. ನಿಯಂತ್ರಣ ಕೇಂದ್ರೀಕೃತ, ವಾಲ್ವುಗಳು ಸ್ವಯಂಚಾಲಿತ. ಏಷ್ಯದಲ್ಲೇ ಇಂಥದು ಇನ್ನೊಂದಿಲ್ಲ ಎಂಬ ಪ್ರಚಾರವಿತ್ತು. ಪೈಪು ಹೋದಲ್ಲೆಲ್ಲ ನೀರಾವರಿ ಹೋಗಲಿಲ್ಲ. ಹಲವೆಡೆ ಬಳಕೆ ಕುಸಿಯಿತು. ತಾಂತ್ರಿಕ ಕಾರಣಗಳನ್ನು ಎಂಜಿನಿಯರುಗಳು ಹೇಳಲಿ. ನನ್ನ ಗಮನ ಒಂದೇ ಅಂಶದ ಮೇಲೆ: ಹತ್ತಾರು ಹಿಡುವಳಿಗಳಿಗೆ ಒಂದು ವಾಲ್ವ್ ಎಂದಾಗ ಅದರ ಕೆಳಗಿನವರ ನಡುವೆ ಒಪ್ಪಂದ ಬೇಕು. ಒಬ್ಬ ಮೆಣಸಿನಕಾಯಿ, ಇನ್ನೊಬ್ಬ ತೊಗರಿ, ಮತ್ತೊಬ್ಬ ಬೀಳು ಬಿಟ್ಟವನು. ವಾಲ್ವ್ ಹಾಕಲು ಬಜೆಟ್ ಇತ್ತು. ನೀರುಗಂಟಿಯ ಹುದ್ದೆಗೆ ಯಾವ ಬಜೆಟ್ಟಿನಲ್ಲೂ ಸಾಲಿಲ್ಲ.

ಹಾಗಾದರೆ ಯಂತ್ರ ಎಲ್ಲಿ ನ್ಯಾಯವಾಗಿ ಬೇಕು? ಉತ್ತರ ಮಣ್ಣಿನ ಹೊಟ್ಟೆಯಲ್ಲಿದೆ. ನಮ್ಮ ಕೆಮ್ಮಣ್ಣಿನ ಮರಳುಗೋಡು ಒಂದು ಮೀಟರ್ ಆಳಕ್ಕೆ ಬೆಳೆಗೆ ದಕ್ಕುವ ನೀರನ್ನು ಸುಮಾರು 120 ಮಿ.ಮೀ. ಹಿಡಿದಿಡುತ್ತದೆ ಎನ್ನೋಣ. ಪಾಲಕ್‌ನ ಬೇರು 30 ಸೆಂಟಿಮೀಟರ್ ಇಳಿದರೆ ಅದಕ್ಕೆ ಎಟುಕುವುದು 36 ಮಿ.ಮೀ. 1998ರಲ್ಲಿ ವಿಶ್ವಸಂಸ್ಥೆಯ ಆಹಾರ ಮತ್ತು ಕೃಷಿ ಸಂಸ್ಥೆ ಹೊರತಂದ ಬೆಳೆ–ನೀರಿನ ಕೈಪಿಡಿಯ ಪ್ರಕಾರ ಪಾಲಕ್ ಅದರಲ್ಲಿ ಐದನೇ ಒಂದು ಪಾಲು ಕಳೆದುಕೊಂಡರೆ ಬಳಲಲು ಶುರು. ಅಂದರೆ 7 ಮಿ.ಮೀ., ಒಂದೂವರೆ ದಿನದ ಮಾತು. ಟೊಮೊಟೊ ಬೇರು 70 ಸೆಂಟಿಮೀಟರ್ ಇಳಿದು, ಐದರಲ್ಲಿ ಎರಡು ಪಾಲು ತಾಳಿಕೊಳ್ಳುತ್ತದೆ, 34 ಮಿ.ಮೀ., ವಾರದ ಹತ್ತಿರ. ಹನಿಯಲ್ಲಿ ನೆಲದ ಒಂದು ಪಟ್ಟೆ ಮಾತ್ರ ನೆನೆಯುವುದರಿಂದ ಈ ಗಡುವು ಇನ್ನೂ ಚಿಕ್ಕದಾಗುತ್ತದೆ ನಿಜ, ಆದರೆ ಎರಡರ ನಡುವಿನ ಅಂತರ ಉಳಿಯುತ್ತದೆ. ಪಾಲಿಹೌಸಿನಲ್ಲಿ ತೆಂಗಿನ ನಾರಿನ ಚೀಲದಲ್ಲಿ ದಪ್ಪ ಮೆಣಸಿನಕಾಯಿ ಬೆಳೆಯುವವರಿಗೆ ಗಡುವು ದಿನದಲ್ಲಿಲ್ಲ, ಗಂಟೆಯಲ್ಲಿದೆ. ಬಿಸಿಲೇರಿದಂತೆ ಹಲವು ಸಲ ಚೂರುಚೂರು ನೀರು, ಜೊತೆಗೆ ಗೊಬ್ಬರ. ಅಲ್ಲಿ ಕೈ ಸೋಲುತ್ತದೆ, ಕಂಟ್ರೋಲರ್ ಬೇಕೇ ಬೇಕು.

ಎಕರೆ ಎಷ್ಟು ಎಂಬುದು ಇಲ್ಲಿ ಮುಖ್ಯವಾಗುವುದೇ ಇಲ್ಲ. ಬೇರು ಎಷ್ಟು ಹೊತ್ತು ಕಾಯಬಲ್ಲದು, ಕರೆಂಟು ಎಷ್ಟು ಹೊತ್ತು ಕಾಯಿಸುತ್ತದೆ ಎಂಬೆರಡನ್ನು ಪಕ್ಕಪಕ್ಕ ಇಟ್ಟು ನೋಡಬೇಕು. ಬೇರು ವಾರ ಕಾಯುವಲ್ಲಿ ನಿಮಿಷದ ಯಂತ್ರಕ್ಕೆ ದುಡ್ಡು ಸುರಿಯುವುದರಲ್ಲಿ ಅರ್ಥ ಕಾಣೆ.

ಸೊಪ್ಪಿನವರ ಕಥೆ ಬೇರೆ. ಚೆಲ್ಲಿ ಬಿತ್ತಿದ ದಂಟು, ಕೊತ್ತಂಬರಿಗೆ ಹನಿ ಒಗ್ಗುವುದಿಲ್ಲ. ಮಡಿಗೆ ಹಾಯಿಸುತ್ತಾರೆ, ಇಲ್ಲವೇ ಈಗ ಎಲ್ಲೆಡೆ ಕಾಣುವ, ಸಣ್ಣ ತೂತುಗಳಿಂದ ನೀರು ಚಿಮ್ಮುವ ರೇನ್ ಪೈಪ್ ಹಾಸುತ್ತಾರೆ. ಹತ್ತು ಗುಂಟೆ ಸೊಪ್ಪಿಗೆ ದಿನಕ್ಕೆ 5,000 ಲೀಟರ್, ಎರಡಿಂಚು ಬೋರಿಗೆ ಒಂದೂಮುಕ್ಕಾಲು ಗಂಟೆ. ಇದಕ್ಕೆ ಯಾವ ಆಪೂ ಬೇಡ.

ಹದ ನೋಡುವುದನ್ನೇ ಸುಧಾರಿಸುವ ಅಗ್ಗದ ಉಪಕರಣಗಳು ಇವೆ, ಅವುಗಳ ಬಗ್ಗೆ ಮಾತು ಕಡಿಮೆ. ಕೈಯ ಪರೀಕ್ಷೆ ಎಲ್ಲರಿಗೂ ಗೊತ್ತು: ಗೇಣಾಳ ಬಗೆದು ಒಂದು ಹಿಡಿ ಮಣ್ಣು ಹಿಚುಕಬೇಕು; ಉಂಡೆ ಕಟ್ಟಿ, ಹೆಬ್ಬೆರಳು ತಾಕಿಸಿದಾಗ ಒಡೆದರೆ ಹದ, ಬೆರಳಿಗೆ ಮೆತ್ತಿದರೆ ಹೆಚ್ಚು, ಉಂಡೆಯೇ ಕಟ್ಟದಿದ್ದರೆ ತಡವಾಯಿತು. ಟೆನ್ಸಿಯೋಮೀಟರ್ ಇದನ್ನೇ ಅಂಕಿಯಲ್ಲಿ ಹೇಳುತ್ತದೆ. ನೀರು ಎಳೆದುಕೊಳ್ಳಲು ಬೇರು ಎಷ್ಟು ಬಲ ಹಾಕಬೇಕು ಎಂಬುದನ್ನು ಅಳೆಯುತ್ತದೆ. ಕೊಯಮತ್ತೂರಿನ ಕಬ್ಬು ತಳಿ ಅಭಿವೃದ್ಧಿ ಸಂಸ್ಥೆಯ ತೇವ ಸೂಚಕದಲ್ಲಿ ಅಂಕಿಯೂ ಇಲ್ಲ; ಕಡ್ಡಿ ನೆಲಕ್ಕೆ ಚುಚ್ಚಿದರೆ ನೀಲಿ, ಹಸಿರು, ಕಿತ್ತಳೆ, ಕೆಂಪು ದೀಪ. ಆಸ್ಟ್ರೇಲಿಯದ ರಿಚರ್ಡ್ ಸ್ಟಿರ್ಜೇಕರ್ ರೂಪಿಸಿದ ಕಮೀಲಿಯನ್ ಸಂವೇದಕದ್ದೂ ಇದೇ ಜಾಡು. ಜಿಂಬಾಬ್ವೆ, ಮೊಜಾಂಬಿಕ್, ತಾಂಜಾನಿಯದ ಸಣ್ಣ ರೈತರು ಅದರ ಬಣ್ಣ ನೋಡಿ ನೀರಿನ ಸರದಿಗಳ ನಡುವಿನ ಅಂತರ ಹೆಚ್ಚಿಸಿಕೊಂಡರು. ವಾಲ್ವ್ ತಿರುಗಿಸಿದ್ದು ಕೈಯೇ. ಯಂತ್ರಕ್ಕೆ ಕಣ್ಣಿನ ಕೆಲಸ, ಮನುಷ್ಯನಿಗೆ ಕೈ ಕೆಲಸ: ಮಾರಾಟಗಾರರು ಹೇಳುವುದರ ತಿರುವುಮುರುವು.

ಇನ್ನೂ ಹಳೆಯ ದಾರಿಯೊಂದು ಲಿಂಗರಾಜಪುರಕ್ಕೆ ಹತ್ತಿರದಲ್ಲೇ ಇದೆ. ಬೆನ್ಸನ್ ಟೌನ್ ಬದಿಯ ಪಾಟರಿ ಟೌನ್‌ನಲ್ಲಿ ಕುಂಬಾರರು ಇವತ್ತಿಗೂ ಮಡಕೆ ಸುಡುತ್ತಾರೆ. ಬಣ್ಣ ಬಳಿಯದ ಮಡಕೆಯನ್ನು ಕುತ್ತಿಗೆವರೆಗೆ ಹೂತು ನೀರು ತುಂಬಿದರೆ, ಸುತ್ತಲ ಮಣ್ಣು ಒಣಗಿದಾಗ ಮಾತ್ರ ನೀರು ಜಿನುಗುತ್ತದೆ. ಮಳೆ ಬಂದು ಮಣ್ಣು ನೆನೆದರೆ ತಾನಾಗಿ ನಿಲ್ಲುತ್ತದೆ. ಚೀನಾದಲ್ಲಿ ಎರಡು ಸಾವಿರ ವರ್ಷದ ಹಿಂದೆಯೇ ಬರವಣಿಗೆಗೆ ಬಂದ ವಿಧಾನ ಇದು. ಎಕರೆಗಟ್ಟಲೆಗೆ ಆಗದು, ಹತ್ತು ಕುಂಬಳದ ಗುಣಿಗೆ ಆದೀತು.

ನನ್ನ ತಾರಸಿಯಲ್ಲಿ ಈ ಮಡಕೆಗೂ ಒಂದು ಬ್ಯಾಟರಿ ಟೈಮರಿಗೂ ಪಂದ್ಯ ನಡೆದಿದೆ. 2024ರ ಮಾರ್ಚಿನಲ್ಲಿ ಜಲಮಂಡಳಿ ಕುಡಿಯುವ ನೀರನ್ನು ಕೈತೋಟಕ್ಕೆ ಬಳಸಬಾರದು, ಬಳಸಿದರೆ 5,000 ರೂಪಾಯಿ ದಂಡ ಎಂದಾಗ ನಾವೂ ಎಚ್ಚೆತ್ತು, ಪಾತ್ರೆ ತೊಳೆದ ನೀರನ್ನು ಡ್ರಮ್ಮಿನಲ್ಲಿ ಹಿಡಿದು, ಟೈಮರ್ ಕೂರಿಸಿದೆವು. ಬೇಸಿಗೆಯಿಡೀ ಸರಿಯಾಗೇ ನಡೆಯಿತು. ಅಕ್ಟೋಬರಿನ ಒಂದು ಸಂಜೆ ಜಡಿಮಳೆಯಲ್ಲಿ ಕೊಡೆ ಹಿಡಿದು ಮೇಲೆ ಹೋದರೆ, ಆರು ಗಂಟೆಯಾಯಿತೆಂದು ಟೈಮರ್ ಟಿಕ್ಕೆಂದು ತೆರೆದುಕೊಂಡು ನೆನೆದ ಬದನೆ ಗಿಡಕ್ಕೆ ನಿಷ್ಠೆಯಿಂದ ನೀರು ಹನಿಸುತ್ತಿತ್ತು. ಹೂತ ಮಡಕೆ ತುಂಬಿಕೊಂಡು ಸುಮ್ಮನಿತ್ತು.

ನೀರು ಉಳಿಯುತ್ತದಲ್ಲ, ಅದಕ್ಕಾದರೂ ಯಂತ್ರ ಬೇಡವೇ ಎಂಬ ಪ್ರಶ್ನೆ ಇದೆ. ಹೊಲದ ಮಟ್ಟಿಗೆ ಹನಿ ನೀರಾವರಿ ನೀರು ಉಳಿಸುತ್ತದೆ, ಕಳೆ ತಗ್ಗಿಸುತ್ತದೆ. ಸಣ್ಣ ರೈತರಿಗೆ ಕೇಂದ್ರದ ಶೇ. 55ರ ಸಹಾಯಧನಕ್ಕೆ ಕರ್ನಾಟಕ ತನ್ನ ಪಾಲು ಸೇರಿಸಿ ಶೇ. 90ರವರೆಗೂ ಕೊಟ್ಟದ್ದು ಸುಮ್ಮನಲ್ಲ. ಆದರೆ ಉಳಿದ ನೀರು ನೆಲದಲ್ಲೇ ಉಳಿಯುತ್ತದೆಂಬ ಖಾತರಿ ಇಲ್ಲ. ಕ್ವೆಂಟಿನ್ ಗ್ರಾಫ್ಟನ್ ಮತ್ತು ಸಂಗಡಿಗರು 2018ರಲ್ಲಿ ಸೈನ್ಸ್ ಪತ್ರಿಕೆಯಲ್ಲಿ ಎತ್ತಿ ತೋರಿಸಿದ ವಿರೋಧಾಭಾಸ ಇದೇ: ಹೊಲದಲ್ಲಿ ಉಳಿದ ನೀರು ಇನ್ನೊಂದು ಹೊಲಕ್ಕೆ ಹರಿಯುತ್ತದೆ, ಒಟ್ಟು ಬಳಕೆ ಇಳಿಯುವುದಿಲ್ಲ. ಕರೆಂಟು ಉಚಿತವಿರುವಾಗ ಮೋಟರು ಆರಿಸಲು ರೈತನಿಗೆ ಬಿಲ್ಲಿನ ಭಯವೂ ಇಲ್ಲ. ಆರು ಗುಂಟೆ ಬೀಳು ಬಿಟ್ಟಿದ್ದ ಭಾವ, ಡ್ರಿಪ್ ಹಾಕಿದ ವರ್ಷವೇ ಅದನ್ನೂ ಸಾಗುವಳಿಗೆ ತಂದರು. ನಾನಾಗಿದ್ದರೂ ತರುತ್ತಿದ್ದೆ.

ಇನ್ನು, ಕಪಿಲೆಯ ಮಾತಿನಲ್ಲಿ ನೆನಪಿಡಿ ಎಂದಿದ್ದ ತೊಟ್ಟಿ. ಆರು ಸೊಲೆನಾಯ್ಡ್ ವಾಲ್ವಿನ ಬದಲು 4.5 ಮೀಟರ್ ಉದ್ದ, 3 ಮೀಟರ್ ಅಗಲ, ಒಂದೂವರೆ ಮೀಟರ್ ಆಳದ ಒಂದು ತೊಟ್ಟಿ ಕಟ್ಟಿದರೆ 20,000 ಲೀಟರ್ ಹಿಡಿಯುತ್ತದೆ. ಭಾವನ ಬೋರಿನ ಒಂದು ರಾತ್ರಿಯ ನೀರು. ಕರೆಂಟು ಯಾವ ಹೊತ್ತಿಗಾದರೂ ಬರಲಿ, ಮೋಟರು ತೊಟ್ಟಿ ತುಂಬಿಸಲಿ. ತುಂಬಿದಾಗ ನಿಲ್ಲಿಸಲು ಒಂದು ಫ್ಲೋಟ್ ಸ್ವಿಚ್ ಸಾಕು. ಬೆಳಗ್ಗೆ 1 ಎಚ್.ಪಿ. ಪಂಪಿನಿಂದ, 15 ಮೀಟರ್ ಒತ್ತಡಕ್ಕೆ, ಗಂಟೆಗೆ ಸುಮಾರು 9,000 ಲೀಟರ್ ಹನಿಗೆ ಬಿಡಬಹುದು. ಹೊಲ ಆರರ ಬದಲು ಎರಡೇ ಭಾಗ, ಎರಡೂಕಾಲು ಗಂಟೆ ಕೆಲಸ, ಗೇಟ್‌ವಾಲ್ವ್ ತಿರುಗಿಸುವುದು ಒಂದು ಸಲ, ಅದೂ ಕಾಫಿ ಕುಡಿದ ಮೇಲೆ. ಬೋರು ಇಳಿದರೆ ತೊಟ್ಟಿಯ ಗೋಡೆಯ ಮೇಲಿನ ಗೆರೆ ಹೇಳುತ್ತದೆ. ಬೋರಿನ ನೀರಿನ ಮರಳು, ಮಣ್ಣು ತಳಕ್ಕೆ ಕೂತು ಫಿಲ್ಟರಿಗೂ ಬಿಡುವು. ಬೆಳಗಿನ ಪಂಪಿಗೆ ಮನೆಯ ಮೀಟರಿನಿಂದ ತಂತಿ ಎಳೆದರೆ ನಿಯಮಕ್ಕೆ ವಿರುದ್ಧ. ಪುಟ್ಟ ಸೋಲಾರ್ ಪಂಪು ಸರಿಯಾದ ದಾರಿ. 2014ರಲ್ಲಿ ಶುರುವಾದ ಕೃಷಿಭಾಗ್ಯದ ಹೊಂಡಗಳ ಹಿಂದೆಯೂ ಇದೇ ತತ್ವವಿದೆ, ಅಲ್ಲಿ ಮಳೆನೀರು, ಇಲ್ಲಿ ಬೋರಿನದು. ಕಪಿಲೆಯವರಿಗೆ ಇದು ಗೊತ್ತಿತ್ತು: ಎತ್ತುವ ಹೊತ್ತು ಬೇರೆ, ಕಟ್ಟುವ ಹೊತ್ತು ಬೇರೆ, ನಡುವೆ ತೊಟ್ಟಿ.

ತೊಟ್ಟಿಗೆ ಗೋಡೆಯೂ ಸೇರಿ ಒಂದು ಗುಂಟೆಯ ಐದಾರನೇ ಒಂದು ಭಾಗ ಜಾಗ ಹೋಗುತ್ತದೆ, ಬಿರುಕು ಬಿಟ್ಟರೆ ಸೋರುತ್ತದೆ, ಬೇಲಿ ಇಲ್ಲದಿದ್ದರೆ ಮಕ್ಕಳಿಗೆ ಅಪಾಯ. ಗುತ್ತಿಗೆ ಹೊಲದಲ್ಲಿ ಯಾರೂ ಕಟ್ಟಲಾರರು. ಅಂಥವರಿಗೆ ಬಿಚ್ಚಿ ಒಯ್ಯಬಹುದಾದ ಕಂಟ್ರೋಲರೇ ಮೇಲು ಎಂದು ಒಪ್ಪುತ್ತೇನೆ. ಮಂಡಿ ನೋವಿನವರಿಗೆ, ಒಂಟಿಯಾಗಿ ಹೊಲ ಮಾಡುವ ಹೆಂಗಸರಿಗೆ ಗಟ್ಟಿ ಗೇಟ್‌ವಾಲ್ವ್ ತಿರುಗಿಸುವುದೇ ಶಿಕ್ಷೆ. ಅವರ ಲೆಕ್ಕದಲ್ಲಿ ಲೀಟರಿಗಿಂತ ಮೈಯ ನೋವು ಮುಂದೆ ಬರಬೇಕು.

ಲೆಕ್ಕವನ್ನು ಹಾಳೆಯಲ್ಲಿ ಬರೆದು ಭಾವನಿಗೆ ಕೊಟ್ಟೆ. ಅವರು ಎರಡು ಸಲ ಓದಿ, ಕೊಟೇಷನ್ ಹಾಳೆಯ ಹಿಂಬದಿಗೆ ತೊಟ್ಟಿಯ ಚಿತ್ರ ಗೀಚಿ, “ಮೂಡಲ ಬದಿಗೆ ಹಾಕಿದ್ರೆ ಹುಣಸೆಮರದ ನೆಳ್ಳು ಬೀಳ್ತದೆ, ನೀರು ಆರಲ್ಲ” ಎಂದರು. ಅದು ನನ್ನ ಲೆಕ್ಕದಲ್ಲಿ ಇರಲಿಲ್ಲ. ತಳಪಾಯ ತೋಡಿಯಾಗಿದೆ. ಬೋರಿನ ಬಾಯಿಗೆ ಇಡಲು ವಿ-ನಾಚ್ ತಗಡೊಂದನ್ನು ಶಿವಾಜಿನಗರದಲ್ಲಿ ಕತ್ತರಿಸಿಕೊಂಡು ಬಂದಿದ್ದೇನೆ. ಯುಗಾದಿಯಿಂದ ತಿಂಗಳಿಗೊಮ್ಮೆ ಇಂಚು ನೋಡಿ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಬರೆಯುವುದಾಗಿ ಅವರು ಒಪ್ಪಿದ್ದಾರೆ.